ಹಾರ ಹಾಕಬಾರದ ಫೋಟೋ

ಪುಟ್ಟೀ, ಚಿನ್ನೂ,

ಹೋದ ದೀಪಾವಳಿಗೆ ಬಂದಾಗ ನೀವಿಬ್ಬರೂ ಪಡಸಾಲೆಯಲ್ಲಿ ನಿಂತು, ತಾತನ ಫೋಟೋ ಪಕ್ಕದಲ್ಲಿ ನನ್ನ ಫೋಟೋ ನೋಡಿ, "ಅಜ್ಜಿ ಇಲ್ಲೇ ಅದಾಳಲ್ಲ, ಗೋಡಿ ಮ್ಯಾಲ ಯಾಕ ಹೋದ್ಲು?" ಎಂದು ಕೇಳಿದಿರಿ. ನಿಮ್ಮಮ್ಮ "ಬಿಡ್ತು ಅನ್ರಿ" ಎಂದು ಬಾಯಿ ಮುಚ್ಚಿಸಿದಳು. ನಾನು ಅಡುಗೆಮನೆಗೆ ಹೋಗಿಬಿಟ್ಟೆ. ನಾಲ್ಕು ಜನರ ಮುಂದೆ ಮಾತಾಡುವುದು ನನಗೆ ಮೊದಲಿನಿಂದಲೂ ಆಗದು. ಊರ ಶಾಲೆಯಲ್ಲಿ ಕಲಿತ ಅಕ್ಷರ ಮಾತ್ರ ಕೈಬಿಟ್ಟಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಬರೆದಿಡುತ್ತೇನೆ.

ಕೊಟ್ಟೂರಿನಲ್ಲಿ ನಿಮ್ಮ ತಾತನ ಸ್ಟುಡಿಯೋ ಇತ್ತು. ಹೆಣ್ಣುಮಕ್ಕಳು ಬಂದರೆ ಸೆರಗು ಸರಿಮಾಡಿ ಕೂರಿಸುವುದು, ಗದ್ದ ಎತ್ತಿಸುವುದು, ಲೈಟು ಹಿಡಿಯುವುದು ನನ್ನ ಕೆಲಸ. ಬರಬರುತ್ತ ಕ್ಯಾಮೆರಾವೂ ನನ್ನ ಕೈಗೆ ಬಂತು. ಮದುವೆ ಬಿಟ್ಟರೆ ನಮಗೆ ಹೆಚ್ಚಿನ ಕೆಲಸ ಸಾವಿನ ಮನೆಗಳಲ್ಲೇ. ಯಾರಾದರೂ ತೀರಿಕೊಂಡರೆ ಹೆಣವನ್ನು ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ತಾತನಿಗೆ ಹೇಳಿಕಳಿಸುತ್ತಿದ್ದರು. ಬದುಕಿದ್ದಾಗ ಒಂದು ಫೋಟೋವನ್ನೂ ತೆಗೆಸಿಕೊಳ್ಳದವರು ಎಷ್ಟೋ ಮಂದಿ. ಅದಕ್ಕೇ ನಮ್ಮ ಕಡೆ ಒಬ್ಬರದೇ ಫೋಟೋಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರೆ ಅವರು ಇಲ್ಲ ಎಂದೇ ಅರ್ಥ. ಬದುಕಿರುವವರು ಮದುವೆ ಫೋಟೋಗಳಲ್ಲಿ, ಗುಂಪಿನ ನಡುವೆ ಎಲ್ಲೋ ಇರುತ್ತಾರೆ.

ತಾತ ಹೋದ ಮೇಲೆ ನಿಮ್ಮಪ್ಪ ಸ್ಟುಡಿಯೋ ಮುಚ್ಚಿದ. ಕ್ಯಾಮೆರಾವನ್ನು ಮಾತ್ರ ನಾನು ಕೊಡಲಿಲ್ಲ. ನಮ್ಮ ಓಣಿಯಲ್ಲಿ ಒಬ್ಬ ನರ್ಸಮ್ಮ ಇದ್ದಳು. ದೊಡ್ಡ ಕಾಯಿಲೆಯ ಮಕ್ಕಳ ಮನೆಗಳಿಗೆ ಹೋಗಿ ನೋಡಿಕೊಂಡು ಬರುತ್ತಿದ್ದಳು. ಒಂದು ದಿನ ನೀರಿಗೆ ನಿಂತಾಗ ಅಂದಳು, "ಅಮ್ಮಾ, ಆ ಮಕ್ಕಳ ಫೋಟೋ ಅಂದ್ರ ಆಸ್ಪತ್ರಿ ಕಾರ್ಡಿಗೆ ಹಚ್ಚಿದ್ದೊಂದೇ. ಅದರಾಗ ಎಲ್ಲಾವೂ ಹೆದರಿಕೊಂಡು ಕುಂತಿರ್ತಾವ. ನೀವು ಬಂದು ಒಂದೊಂದು ಚೆಂದನ್ನ ಫೋಟೋ ತೆಗೀರಿ."

ಮೊದಲು ಹೋದದ್ದು ಕೂಡ್ಲಿಗಿ ಕಡೆಯ ಒಂದು ಮನೆಗೆ. ಕುಂಕುಮವಿಲ್ಲದ ಹಣೆ, ಕೊರಳಲ್ಲಿ ಕ್ಯಾಮೆರಾ. ಕಾಯಿಲೆಯ ಕೂಸಿರುವ ಮನೆಗೆ ಇದಕ್ಕಿಂತ ಕೆಟ್ಟ ಶಕುನ ಇನ್ನೇನು ಬೇಕು? ಬಾಗಿಲು ಮುಚ್ಚಿದರು. ಒಳಗಿನಿಂದ ಗಂಡಸಿನ ದನಿ ಬಂತು, "ಇನ್ನೂ ಉಸಿರೈತಿ ಬೇ, ಈಗ್ಲೇ ಯಾಕ ಬಂದಿ?"

ಬಸ್ಸಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಕೊಟ್ಟೂರು ಮುಟ್ಟುವ ಹೊತ್ತಿಗೆ ಅಳು ಹೋಗಿ ಸಿಟ್ಟು ಬಂದಿತ್ತು. ಉಸಿರಿದೆ ಎಂದೇ ಅಲ್ಲವೇ ನಾನು ಹೋದದ್ದು! ಉಸಿರು ಹೋದ ಮೇಲೆ ಯಾರು ಬೇಕಾದರೂ ಹೋಗುತ್ತಾರೆ. ಮರುವಾರ ಹಗರಿಬೊಮ್ಮನಹಳ್ಳಿಗೆ ಹೋದೆ, ಆಮೇಲೆ ಹರಪನಹಳ್ಳಿ ಕಡೆಗೆ. ಕೆಲವರು ಒಳಗೆ ಕರೆದು ಚಹಾ ಕೊಟ್ಟರು. ಕೆಲವರು ಹೊಸ್ತಿಲಲ್ಲೇ ನಿಲ್ಲಿಸಿದರು. ನಾನು ಹೋಗುವುದನ್ನು ಬಿಡಲಿಲ್ಲ.

ಹಾಗೆ ಸಿಕ್ಕವಳು ಹಿರೇಹಡಗಲಿ ಹತ್ತಿರದ ಒಂದು ಹುಡುಗಿ. ಅವರದು ಮಲ್ಲಿಗೆ ಬೆಳೆಯುವ ಮನೆ. ಪಡಸಾಲೆಯ ತುಂಬ ಒದ್ದೆ ಬಟ್ಟೆಯ ಮೇಲೆ ಮೊಗ್ಗು ಹರಡಿತ್ತು. ಹುಡುಗಿಯ ಅಜ್ಜಿ ಗೋಡೆಗೆ ಒರಗಿ ಹೂ ಕಟ್ಟುತ್ತಿದ್ದಳು. ಹುಡುಗಿಗೆ ರಕ್ತದ ಕ್ಯಾನ್ಸರ್. ಔಷಧಿಗೆ ತಲೆಯ ಕೂದಲೆಲ್ಲ ಉದುರಿ, ತಲೆ ಹಿತ್ತಾಳೆ ತಂಬಿಗೆಯಂತೆ ಹೊಳೆಯುತ್ತಿತ್ತು. ತಾಯಿ ಒಂದು ದಾವಣಿ ತಂದು ತಲೆಗೆ ಸುತ್ತಲು ನೋಡಿದಳು. ಹುಡುಗಿ ಕಿತ್ತು ಎಸೆದಳು.

"ಫೋಟೋ ಅಜ್ಜಿ, ನೀವು ಆಮ್ಯಾಲ ಕಂಪ್ಯೂಟರಿನಾಗ ಕೂದಲಾ ಕೂಡಸ್ತೀರೇನು?" ಎಂದು ನನ್ನನ್ನು ಕೇಳಿದಳು.

"ಬೇಕೇನವ್ವಾ?"

"ಬ್ಯಾಡ್ರಿ. ಆಗ ಅದು ಯಾವಾಕಿದೋ ಫೋಟೋ ಆಕ್ಕೈತಿ."

ಅಜ್ಜಿ ಕಟ್ಟಿದ ಹೂವಿನಿಂದ ಒಂದು ಮೊಳ ಎಳೆದುಕೊಂಡು, ಮದುವೆಗೆ ಬಂದ ಬೀಗರಂತೆ ಮುಂಗೈಗೆ ಸುತ್ತಿಕೊಂಡು ಕುಳಿತಳು. "ಮುಡಿಯಾಕ ಜಡಿ ಇಲ್ಲ ಅಂತ ಮಲ್ಲಿಗಿ ಬಿಡಬೇಕೇನು?" ಎಂದು ನಕ್ಕಳು. ಆ ನಗು ಸಿಕ್ಕಿತು ನನಗೆ.

ಕ್ಯಾಮೆರಾದ ಹಿಂದಿನ ಪರದೆಯಲ್ಲಿ ತನ್ನ ಮುಖ ನೋಡಿಕೊಂಡವಳು, "ಇದನ್ನ ದೊಡ್ಡದು ಮಾಡಿಸ್ರಿ. ಕಟ್ಟು ಹಾಕ್ಸಿ ಬಾಗಿಲಿಗೆ ಎದುರು ತೂಗಹಾಕ್ಬೇಕು. ಬಂದೋರೆಲ್ಲ ನನ್ನ ನೋಡಿ ಅತ್ತು ಮೂಗು ಸೀಟ್ತಾರ. ಇದನ್ನರ ನೋಡಿ ನಗ್ಲಿ" ಅಂದಳು.

ಹೂ ಕಟ್ಟುತ್ತಿದ್ದ ಅಜ್ಜಿಯ ಕೈ ನಿಂತಿತು. "ಬಿಡ್ತು ಅನ್ನು! ಜೀವ ಇರೋ ಕೂಸನ್ನ ಯಾರರ ಗೋಡಿಗೇರಸ್ತಾರೇನು?" ಎಂದು ಅವಳನ್ನು ಬೈದು, ನನ್ನ ಕಡೆ ತಿರುಗಿದಳು. "ಎಲ್ಲಾ ನೀನೇ ಹಚ್ಚಿಕೊಟ್ಟಿದ್ದು. ಅಷ್ಟು ಚೆಂದ ಇದ್ರ ಮೊದ್ಲು ನಿಂದು ಹಾಕ್ಕೋ ಹೋಗು, ನಿನ್ನ ಗಂಡನ ಪಕ್ಕ!"

ಬೇರೆ ದಿನವಾಗಿದ್ದರೆ ಚೀಲ ಎತ್ತಿಕೊಂಡು ಎದ್ದುಬಿಡುತ್ತಿದ್ದೆ. ಆದರೆ ಹುಡುಗಿಯ ಮುಖ ನೋಡಿದೆ. ಸೂಜಿಗೆ, ಔಷಧಿಗೆ ಬಾಡದ ಮುಖ ಆ ಮಾತಿಗೆ ಬಾಡಿತ್ತು. ಅವಳು ಕೇಳಿದ್ದು ಬದುಕಿರುವವಳಾಗಿ ತನ್ನ ಮನೆಯ ಗೋಡೆಯ ಮೇಲೆ ಒಂದು ಜಾಗ, ಅಷ್ಟೇ. ನನ್ನ ಬಾಯಿಂದ ಮಾತು ತಾನಾಗಿ ಬಂತು.

"ಆಗ್ಲಿ ಅಕ್ಕಾ. ಮೊದ್ಲು ನಂದೇ ಹಾಕ್ತೀನಿ. ಆಮ್ಯಾಲ ನೀನು ಇವಳದು ಹಾಕ್ಬೇಕು."

"ಹಾಕು, ನೋಡೋಣು!" ಅಂದಳು ಅಜ್ಜಿ.

ಹುಡುಗಿ ಕೂಡಲೇ ಕೈ ಚಾಚಿದಳು. "ಕೊಡ್ರಿ ಇಲ್ಲಿ, ನಾನೇ ತೆಗೀತೀನಿ." ಉಸಿರು ಹಿಡಿದು ಒತ್ತಬೇಕೆಂದು ತೋರಿಸಿಕೊಟ್ಟೆ. ತೆಳ್ಳಗಿನ ಕೈಗೆ ಕ್ಯಾಮೆರಾ ಭಾರವಾಗಿ, ಮೊಣಕೈಯನ್ನು ಮೊಣಕಾಲಿಗೆ ಊರಿಕೊಂಡಳು. "ಗದ್ದ ಎತ್ರಿ. ಸತ್ತೋರಂಗ ಕುಂದರಬ್ಯಾಡ್ರಿ" ಎಂದು ನನ್ನನ್ನೇ ಗದರಿದಳು. ಆಮೇಲೆ ನನ್ನ ಬರಿಗೈ ನೋಡಿ, ತನ್ನ ಕೈಯ ಮಲ್ಲಿಗೆ ಬಿಚ್ಚಿ ನನ್ನ ಮುಂಗೈಗೆ ಸುತ್ತಲು ಬಂದಳು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

"ನಾನು ಹೂವ ಮುಡಿಯಂಗಿಲ್ಲವ್ವಾ."

"ಮುಡೀರಿ ಅಂತ ಯಾರು ಹೇಳ್ಯಾರ? ಕೈಗೆ ಕಟ್ಟಿದ್ರ ಮುಡಿದಂಗೇನು? ಅಷ್ಟೂ ತಿಳಿಯಂಗಿಲ್ಲ ನಿಮಗ!"

ಅವಳ ಅಜ್ಜಿ ಮುಖ ಬೇರೆ ಕಡೆ ತಿರುಗಿಸಿದಳು. ನಕ್ಕಳೇನೋ. ನಾನು ಕೈ ಚಾಚಿದೆ, ಹುಡುಗಿ ಹೂ ಸುತ್ತಿ, ಉಸಿರು ಹಿಡಿದು ಫೋಟೋ ತೆಗೆದಳು. ತಾತ ಹೋದ ಮೇಲೆ ನನ್ನ ಮೈಗೆ ಹೂವು ತಾಗಿದ್ದು ಆವತ್ತೇ.

ಹರಪನಹಳ್ಳಿಯಲ್ಲಿ ಪ್ರಿಂಟು ಹಾಕಿಸಿ, ಹಗರಿಬೊಮ್ಮನಹಳ್ಳಿಯಲ್ಲಿ ಕಟ್ಟು ಹಾಕುವ ಸಾಬರ ಅಂಗಡಿಗೆ ಎರಡೂ ಫೋಟೋ ಒಯ್ದೆ. ತಲೆ ಬಗ್ಗಿಸಿ ಗಾಜು ಕೊಯ್ಯುತ್ತಿದ್ದ ಸಾಬರು ನನ್ನ ಫೋಟೋ ಎತ್ತಿಕೊಂಡು, "ಬಲ್ಬಿನ ಸರ ಹಾಕ್ಲೇನ್ರಿ? ತಾರೀಖು ಹೇಳ್ರಿ, ಕೆಳಗ ಬರಸ್ತೀನಿ" ಅಂದರು.

"ಯಾವ ತಾರೀಖ್ರಿ?"

"ಅವರು ತೀರಿಕೊಂಡಿದ್ದು."

ನಾನು ಗದ್ದ ಎತ್ತಿ ನಿಂತೆ. ಅವರು ತಲೆ ಎತ್ತಿ ನನ್ನನ್ನು ನೋಡಿದರು, ಫೋಟೋ ನೋಡಿದರು, ಮತ್ತೆ ನನ್ನನ್ನು ನೋಡಿದರು. "ಯಾ ಅಲ್ಲಾ! ಮಾಫ್ ಮಾಡ್ರಿ ಅಮ್ಮಾರ! ಅಂಗಡಿ ಇಟ್ಟಾಗಿಂದ ಇಂಥಾ ಕಟ್ಟು ಹಾಕ್ಸಾಕ ಫೋಟೋದಾಗಿದ್ದೋರು ತಾವೇ ಬಂದಿದ್ದು ಇದೇ ಮೊದ್ಲು!" ಇಬ್ಬರೂ ನಕ್ಕೆವು.

ನನ್ನ ಫೋಟೋ ತಾತನ ಪಕ್ಕ ಗೋಡೆಗೆ ಹಾಕಿದ ದಿನವೇ ಗಲಾಟೆ ಶುರುವಾಯಿತು. ನಿಮ್ಮಪ್ಪ ಫೋನಿನಲ್ಲಿ ಕೂಗಾಡಿದ. ಓಣಿಯ ಹೆಂಗಸರು ನೀರಿಗೆ ಬಂದಾಗ ನನ್ನನ್ನು ಬಿಟ್ಟು ದೂರ ನಿಂತರು. ನನ್ನ ನಾದಿನಿ ಬಂದು, "ಸಾವನ್ನ ಮನಿಗೆ ಕರೀತೀಯಲ್ಲ ಅತ್ತಿಗಿ, ಬುದ್ಧಿ ಐತೇನು?" ಅಂದಳು. "ಬರ್ಲಿ. ಕುರ್ಚಿ ಹಾಕ್ತೀನಿ, ಕುಂದ್ರಲಿ" ಅಂದೆ. ನನ್ನ ಬಾಯಲ್ಲಿ ಇಂಥ ಮಾತು ಅವಳು ಎಂದೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆ ಗೋಡೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು, ಹುಡುಗಿಯ ಫೋಟೋವನ್ನು ಹಳೆಯ ಸೀರೆಯಲ್ಲಿ ಸುತ್ತಿ ಬಸ್ ಹತ್ತಿದೆ. ಅವಳ ಅಜ್ಜಿ ಮೊಬೈಲನ್ನು ಕಣ್ಣಿನ ಹತ್ತಿರ ತಂದು ನೋಡಿದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹಠಮಾರಿ ಅದೀ ಬಿಡು" ಎಂದು ಎದ್ದು ಒಳಗೆ ಹೋದವಳು ಮೊಳೆ ಮತ್ತು ರುಬ್ಬುಗುಂಡು ಹಿಡಿದುಕೊಂಡು ಬಂದಳು. ಬಾಗಿಲಿಗೆ ಎದುರಿನ ಗೋಡೆಗೆ ತಾನೇ ಹೊಡೆದಳು. ಹುಡುಗಿ ಫೋಟೋದ ಕೆಳಗೆ, ಫೋಟೋದಲ್ಲಿದ್ದಂತೆಯೇ ಕೈ ಇಟ್ಟುಕೊಂಡು ಕುಳಿತು, ಹೋಗಿಬರುವವರನ್ನೆಲ್ಲ ಕೂಗಿ ಕರೆದಳು.

ಮುಂದಿನ ಮಲ್ಲಿಗೆ ಕಾಲಕ್ಕೆ ಅವಳು ಇರಲಿಲ್ಲ.

ನಿಮಗೆ ಸುಳ್ಳು ಬರೆಯಲಾರೆ. ಫೋಟೋ ಯಾರ ಕಾಯಿಲೆಯನ್ನೂ ವಾಸಿ ಮಾಡುವುದಿಲ್ಲ. ಯಾರ ಆಯುಷ್ಯವನ್ನೂ ಕಡಿಮೆ ಮಾಡುವುದಿಲ್ಲ. ಸುದ್ದಿ ಬಂದ ದಿನ ಕ್ಯಾಮೆರಾ ಮನೆಯಲ್ಲೇ ಬಿಟ್ಟು ಹೋದೆ. ಅವಳ ದೊಡ್ಡಪ್ಪ, "ಸ್ಟುಡಿಯೋದವ್ನ ಕರೀರಿ, ನೆನಪಿಗೆ ಒಂದು ಇರ್ಲಿ" ಎನ್ನುತ್ತಿದ್ದ. ಅಜ್ಜಿ, "ನೆನಪಿಗೆ ಐತಿ" ಎಂದಳು, ಅಷ್ಟೇ. ಮಣ್ಣು ಮಾಡಿ ಬಂದ ಮೇಲೆ ಅವನು ಪೇಟೆಯಿಂದ ತರಿಸಿದ ಗಂಧದ ಹಾರ ಹಿಡಿದು, ಸ್ಟೂಲು ಹತ್ತಿ, ಗೋಡೆಯ ಫೋಟೋಕ್ಕೆ ಕೈ ಚಾಚಿದ.

"ಇಳಿ ಕೆಳಗ" ಅಂದಳು ಅಜ್ಜಿ.

"ಪದ್ಧತಿ ಬೇ."

"ನಿನ್ನ ಪದ್ಧತಿನ ಆ ಮಣ್ಣಿನ ಮ್ಯಾಲ ಹಾಕಿ ಬಾ. ಇಲ್ಲಿ ನನ್ನ ಕೂಸು ನಕ್ಕೊಂತ ಕುಂತೈತಿ. ಅದಕ್ಕ ಕೈ ಹಚ್ಚಿದ್ರ ನೋಡು!"

ಅವನು ಇಳಿದ. ಆ ಫೋಟೋಕ್ಕೆ ಇವತ್ತಿಗೂ ಹಾರವಿಲ್ಲ. ಹಿರೇಹಡಗಲಿ ಕಡೆ ಹೋದಾಗಲೆಲ್ಲ ನೋಡಿ ಬರುತ್ತೇನೆ.

ನಾನು ಈಗಲೂ ಹೋಗುತ್ತೇನೆ. ಬಾಗಿಲು ಮುಚ್ಚುವವರು ಈಗಲೂ ಇದ್ದಾರೆ. ಮುಚ್ಚಿದರೆ ಕಟ್ಟೆಯ ಮೇಲೆ ಕೂತಿರುತ್ತೇನೆ. ಮಕ್ಕಳು ಕಿಟಕಿಯಿಂದ ಇಣುಕಿಯೇ ಇಣುಕುತ್ತವೆ.

ಇನ್ನು ನಿಮ್ಮ ಕೆಲಸ. ಒಂದು ದಿನ ನಾನೂ ಹೋಗುತ್ತೇನೆ. ಆಗ ನನ್ನ ಫೋಟೋಕ್ಕೆ ಹಾರ ಹಾಕಲು, ಬಲ್ಬು ಉರಿಸಲು ಯಾರಾದರೂ ಸ್ಟೂಲು ಹತ್ತಿದರೆ, ನೀವು ಚಿಕ್ಕವರೆಂದು ಸುಮ್ಮನಿರಬೇಡಿ. ಅವರನ್ನು ಇಳಿಸಿ. ಅದು ಕೈಗೆ ಮಲ್ಲಿಗೆ ಸುತ್ತಿಕೊಂಡು ನಾನು ಬದುಕಿರುವ ಫೋಟೋ. ತೆಗೆದವಳೂ ಆಗ ಬದುಕಿದ್ದವಳೇ.

ಆ ಕಟ್ಟಿನ ಹಿಂದಿನ ರಟ್ಟು ಸ್ವಲ್ಪ ಸಡಿಲವಾಗಿದೆ. ಓದಿದ ಮೇಲೆ ಈ ಹಾಳೆಗಳನ್ನು ಮಡಚಿ ಅದರೊಳಗೆ ಇಡಿ. ಗೆದ್ದಲು ಹತ್ತದಂತೆ ನೋಡಿಕೊಳ್ಳಿ. ಮನೆಗೆ ಸುಣ್ಣ ಬಳಿಯುವಾಗ ಫೋಟೋ ಇಳಿಸಿದರೆ, ಹಾಳೆಗಳು ಒಳಗೇ ಇವೆಯೋ ಎಂದು ಒಮ್ಮೆ ನೋಡಿ, ಮತ್ತೆ ಅದೇ ಮೊಳೆಗೆ ಹಾಕಿ.