ಸೋದರಮಾವ ಸಿದ್ದಯ್ಯನ ತಾಲೀಮು

ಕೋಡಿಹಳ್ಳಿಯಿಂದ ಕನಕಪುರಕ್ಕೆ ಹೋಗುವ ಬಸ್ಸಿನಲ್ಲಿ ಸಿದ್ದಯ್ಯನವರು ಬಿಟ್ಟ ಸೀಟನ್ನು ಹಿಡಿದ ಗಂಡು ಇನ್ನೂ ಹುಟ್ಟಿಲ್ಲ. ಬಸ್ಸು ಸ್ಟಾಪಿನಲ್ಲಿ ನಿಂತ ಕೂಡಲೇ ಅವರು ಏಳುತ್ತಾರೆ. ಹತ್ತಿದವರ ಕಣ್ಣು ಮಿಂಚುತ್ತದೆ; ಚೀಲ, ಟವೆಲ್ಲು, ಹಾಲಿನ ಕ್ಯಾನು ಎಲ್ಲವೂ ಆ ಸೀಟಿನತ್ತ ಹಾರಲು ಸಜ್ಜಾಗುತ್ತವೆ. ಅಷ್ಟರಲ್ಲಿ ಸಿದ್ದಯ್ಯನವರು ಮತ್ತೆ ಕೂತಿರುತ್ತಾರೆ. ಮತ್ತೆ ಎದ್ದರು, ಆಸೆ ಚಿಗುರಿತು. ಮತ್ತೆ ಕೂತರು, ಬಾಡಿತು. ಈ ಹಿಂಸೆ ನೋಡಲಾರದೆ ಒಬ್ಬ ಕಂಡಕ್ಟರ್ ಬೇರೆ ರೂಟು ಕೇಳಿಕೊಂಡು ಹೋದನೆಂದೂ, ಸೀಟಿಗೆ ಗಾಳಿ ಮೆಟ್ಟಿಕೊಂಡಿದೆಯೆಂದು ಒಬ್ಬಾಕೆ ನಿಂಬೆಹಣ್ಣು ಮಂತ್ರಿಸಿ ತಂದಳೆಂದೂ ಪ್ರತೀತಿ.

ಈ ಪುರಾಣದ ಮೂಲ ಒಂದು ಹಸುವಿನ ಕಾಲಬುಡದಲ್ಲಿದೆ.

ಸಿದ್ದಯ್ಯನವರಿಗೆ ಅರವತ್ತೆಂಟು. ಮಂಡಿನೋವೆಂಬ ನೆಪದಲ್ಲಿ ಬೇಸಾಯವನ್ನು ಮಗನಿಗೆ ಬಿಟ್ಟು ಕೆಲವು ವರ್ಷ ಟೀವಿಯ ಮುಂದೆ ರಾಜ್ಯಭಾರ ಮಾಡಿದ್ದರು. ಒಂದು ಬೆಳಿಗ್ಗೆ ಹಾಲು ಕರೆಯಲು ಕುಕ್ಕರುಗಾಲಲ್ಲಿ ಕೂತವರು ಏಳಲಾರದೆ ಹೋದರು. ಆಸರೆಗೆ ಹಸುವಿನ ಕಾಲು ಹಿಡಿದರು. ಹಸು ಮರ್ಯಾದಸ್ಥೆ, ಒದೆಯಲಿಲ್ಲ, ಸುಮ್ಮನೆ ಪಕ್ಕಕ್ಕೆ ಸರಿಯಿತು. ಕೊನೆಗೆ ಹೆಂಡತಿ ಮಾಯಮ್ಮ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದರು. ಇದನ್ನು ಬೇಲಿಯಾಚೆಯಿಂದ ಪಕ್ಕದ ಮನೆಯ ದೇವರಾಜು ಕಂಡ. ದೇವರಾಜು ಕಂಡರೆ ಊರೇ ಕಂಡಂತೆ.

ಅದೇ ವಾರ ತಂಗಿ ಪುಟ್ಟಿಯ ಮಗಳು ಶ್ವೇತಳಿಗೆ ಮದುವೆ ಗೊತ್ತಾಯಿತು. ಅವರ ಕಡೆ ಮದುವೆ ಹೆಣ್ಣನ್ನು ಸೋದರಮಾವನೇ ಎರಡೂ ಕೈಯಲ್ಲಿ ಎತ್ತಿಕೊಂಡು ಹಸೆಮಣೆಗೆ ತರಬೇಕು. ಪುಟ್ಟಿಗೆ ಒಡಹುಟ್ಟಿದ ಅಣ್ಣ ಇವರೊಬ್ಬರೇ. ಆದರೆ ಮದುವೆಯ ಮಾತಿಗೆ ಕೂತ ಜಗಲಿಯಲ್ಲಿ, ಹಾರೋಹಳ್ಳಿಯ ಕಾರ್ಖಾನೆಯಲ್ಲಿ ದುಡಿಯುವ ಚಿಕ್ಕಪ್ಪನ ಮಗ ಲೋಕೇಶ ತೋಳು ನೀವಿಕೊಂಡ.

"ಅಣ್ಣೋ, ನೀನು ಮುಂದ್ಗಡೆ ಕುರ್ಚೀಲಿ ಕೂತ್ಕಂಡು ಅಕ್ಷತೆ ಹಾಕು. ಹೆಣ್ಣ ನಾನ್ ಎತ್ಕಬತ್ತೀನಿ."

"ಯಾಕ್ಲಾ, ನಾನೇನ್ ಸತ್ತೋಗಿವ್ನಾ?"

"ಸತ್ತಿಲ್ಲ ಕಣಣ್ಣ. ನಿನ್ನೇ ಇನ್ನೊಬ್ರು ಎತ್ಬೇಕಾಯ್ತಂತಲ್ಲ, ಹಸ ಸಾಕ್ಷಿ."

ಜಗಲಿ ಗೊಳ್ಳೆಂದಿತು. ಪುಟ್ಟಿ ಮಾತ್ರ ನಗಲಿಲ್ಲ. "ಅವ್ನೇ ಎತ್ಲಿ ಬುಡಣ್ಣ. ನೀನ್ ಬಿದ್ರೆ ನಂಗೆ ಎಲ್ಡು ಲುಕ್ಸಾನು" ಎಂದಳು.

ಲೋಕೇಶನ ಮಾತು ಚರ್ಮಕ್ಕೆ ತಾಗಿತ್ತು, ತಂಗಿಯ ಮಾತು ಒಳಕ್ಕಿಳಿಯಿತು. ಸಿದ್ದಯ್ಯನವರು ಎದ್ದು ನಿಂತರು. ಕಂಬ ಹಿಡಿದೇ ಎದ್ದರು, ಆದರೂ ನಿಂತರು.

"ಮದ್ವೆ ದೀಪಾವಳಿ ಕಳೆದ್ಮೇಲೆ ತಾನೆ? ಅಲ್ಲೀಗಂಟ ನನ್ ಜಾಗಕ್ಕೆ ಯಾರೂ ಟವೆಲ್ ಹಾಕ್ಬ್ಯಾಡಿ!"

ಮರುದಿನವೇ ಕನಕಪುರದಲ್ಲಿ ಫಿಸಿಯೋಥೆರಪಿ ಮಾಡುವ ಸುಮನಾಳ ಮುಂದೆ ಹಾಜರಾದರು. ಆಕೆ ಮಂಡಿ ಒತ್ತಿ, ಕಾಲು ಮಡಿಸಿ ನೋಡಿ, "ನೋವು ಅಂತ ಕೂತ್ರಲ್ಲ ತಾತ, ಕೂತದ್ದಕ್ಕೇ ಬಲ ಹೋಗಿದೆ" ಎಂದಳು.

"ಈ ವಯಸ್ಸಲ್ಲಿ ಇನ್ನು ಬತ್ತದಾ ತಾಯಿ?"

"ಮಾಂಸಖಂಡಕ್ಕೆ ನಿಮ್ಮ ಆಧಾರ್ ಕಾರ್ಡು ಓದೋಕೆ ಬರಲ್ಲ. ಕೆಲಸ ಕೊಡಿ, ಮಾಡುತ್ತೆ. ಮೊದಲು ಕೈ ಊರದೆ ಕುರ್ಚಿಯಿಂದ ಎದ್ದು ಕೂರಿ. ಹಗುರ ಅನ್ನಿಸಿದ ಮೇಲೆ ಭಾರ ಸೇರಿಸಿ, ಒಂದೇ ಸಲ ಅಲ್ಲ. ನಡುವೆ ಒಂದೊಂದು ದಿನ ಬಿಡುವು. ಎತ್ತುವಾಗ ಉಸಿರು ಬಿಗಿ ಹಿಡೀಬೇಡಿ."

ಅಲ್ಲಿಂದ ಶುರುವಾಯಿತು ತಾಲೀಮು. ಜಗಲಿ, ಕಟಿಂಗ್ ಶಾಪು, ಬಸ್ಸು, ಕೂರುವ ಜಾಗವೆಲ್ಲ ಗರಡಿಮನೆಯಾಯಿತು. ಊಟಕ್ಕೆ ಮೊಟ್ಟೆ, ಹುರುಳಿಕಾಳು ಜೋರಾಯಿತು. ಕುರ್ಚಿ ಹಗುರವಾದಾಗ ಗೊಬ್ಬರದ ಖಾಲಿ ಚೀಲಕ್ಕೆ ಒಸಿ ರಾಗಿ ತುಂಬಿ ಹೊತ್ತರು. ವಾರಕ್ಕಿಷ್ಟು ಸೇರು ರಾಗಿ ಏರಿತು. ಶ್ರಾವಣ ಮುಗಿಯುವ ಹೊತ್ತಿಗೆ ತುಂಬಿದ ಮೂಟೆಯನ್ನು ಹೆಗಲಿಗೇರಿಸಿ ಅಂಗಳ ಸುತ್ತುತ್ತಿದ್ದರು. ಗೆದ್ದೆನೆಂದು ಮೀಸೆ ತಿರುವಿ ಹೆಂಡತಿಯ ಕಡೆ ನೋಡಿದರು.

ಮಾಯಮ್ಮ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಎಲ್ಲಾ ಸರಿ. ಮದ್ವೆ ಹೆಣ್ಣನ್ನೂ ಹಿಂಗೇ ಹೆಗಲ ಮ್ಯಾಲೆ ಹಾಕ್ಕಂಡು, ತಲೆ ಕೆಳಗು ಮಾಡ್ಕಂಡು ಒಯ್ತೀಯಾ?"

ಸಿದ್ದಯ್ಯನವರು ಮೂಟೆಯನ್ನು ನಿಧಾನವಾಗಿ ಇಳಿಸಿದರು. ಹುಟ್ಟಿದಾಗಿನಿಂದ ಭಾರವೆಂದರೆ ಹೆಗಲು ಎಂದೇ ತಿಳಿದ ರೈತ. ಮುಂದೋಳಿನ ಮೇಲೆ ಮಲಗಿಸಿ ಎತ್ತುವುದು ಬೇರೆಯೇ ವಿದ್ಯೆ ಎಂಬುದು ಹೊಳೆದಿರಲೇ ಇಲ್ಲ. ಮೂಟೆಯನ್ನು ಎರಡೂ ಕೈಯಲ್ಲಿ ಎದೆಯ ಮುಂದೆ ಎತ್ತಲು ಹೋದರು. ಮೂಟೆ ಭೂಮಿತಾಯಿಯನ್ನು ಬಿಡಲಿಲ್ಲ.

ಆಮೇಲೆ ಮುಕ್ಕಾಲು ರಾಗಿಯನ್ನು ವಾಪಸು ಸುರಿದು, ಮೊದಲಿಂದ ಶುರುಮಾಡಿದರು.

ಈ ಸಲ ಚೀಲ ತೋಳು ತರಚಿತೆಂದು ಅದಕ್ಕೆ ಮಾಯಮ್ಮನ ಹಳೇ ಸೀರೆ ಸುತ್ತಿದರು. ಒಂದು ಮುಸ್ಸಂಜೆ ದೇವರಾಜು ಬೇಲಿಯ ಮೇಲೆ ಕತ್ತು ಚಾಚಿದ.

"ಸಿದ್ದಣ್ಣೋ! ಯಾರ್ನ ಎತ್ಕಂಡಿದ್ದೀಯಾ ಅಲ್ಲಿ?"

ಒಳಗಿನಿಂದ ಮಾಯಮ್ಮನ ದನಿ ಬಂತು: "ನನ್ ಸವತಿ ಕಣ್ಲಾ. ಬಾ, ಕಾಫಿ ಕುಡ್ಕಂಡು ಮಾತಾಡ್ಸ್ಕಂಡು ಹೋಗು."

ಮದುವೆಯ ದಿನ ಬಂತು. ಕನಕಪುರದ ಛತ್ರದಲ್ಲಿ ವಾಲಗ ಏರಿತು. ಲೋಕೇಶ ಅಂಗಿಯ ತೋಳು ಮಡಿಸಿ ಪಕ್ಕದಲ್ಲೇ ನಿಂತ. ಪುಟ್ಟಿ ಸೆರಗು ಬಾಯಿಗೆ ಒತ್ತಿಕೊಂಡಳು.

"ಮಾವ, ಸೀರೆನೇ ಒಂದು ಮಣ ಐತೆ" ಎಂದು ಶ್ವೇತ ಪಿಸುಗುಟ್ಟಿದಳು.

"ಸುಮ್ನಿರವ್ವ. ಉಸುರು ಬುಟ್ಕಂಡು ಎತ್ಬೇಕು, ಮಾತಾಡುಸ್ಬ್ಯಾಡ."

ಮಂಡಿ ಮಡಿಸಿ, ತೋಳು ಕೊಟ್ಟು, ಎದ್ದರು. ಶ್ವೇತ ಮೇಲೆ ಬಂದಳು. ನಡೆದರು. ಅರ್ಧ ದಾರಿಯಲ್ಲಿ ವಿಧಿ ಫೋಟೋಗ್ರಾಫರನ ರೂಪದಲ್ಲಿ ಅಡ್ಡ ಬಂತು.

"ಸಾರ್, ಹಂಗೇ ನಿಂತ್ಕಳಿ. ಒಸಿ ನಗಿ. ಇನ್ನೊಂದು, ಇನ್ನೊಂದು..."

ತೋಳು ನಡುಗತೊಡಗಿತು. ಲೋಕೇಶ ಕೈ ಚಾಚಿದ. "ಕೈ ತೆಗಿಲಾ" ಎಂದರು ಸಿದ್ದಯ್ಯ, ಫೋಟೋಗೆ ನಗುತ್ತಲೇ. ಅಲ್ಲಿಂದ ಹಸೆಮಣೆಯವರೆಗೆ ಹೋಗಿ, ಬಸ್ಸಿನ ಸೀಟಿಗೆ ಕೂರುವಷ್ಟೇ ನಿಧಾನವಾಗಿ ಬಗ್ಗಿ, ಹೆಣ್ಣನ್ನು ಕೂರಿಸಿದರು. ಆಮೇಲೆ ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತರು. ಪುಟ್ಟಿ ಸೆರಗಿನಿಂದ ಈ ಸಲ ಕಣ್ಣೊರೆಸಿಕೊಂಡಳು.

ಛತ್ರವೇ ಕೇಕೆ ಹಾಕಿತು. ವೀರನ ಮಾತು ಕೇಳಲು ಜನ ಮುತ್ತಿಕೊಂಡರು. ಸಿದ್ದಯ್ಯನವರು ಹತ್ತಿರದ ಕುರ್ಚಿ ಎಳೆದು ಕೂತರು. ಎಲ್ಲರೂ ಕಾದರು. ಅವರು ಏಳಲಿಲ್ಲ.

"ಏನಣ್ಣ, ಏಳಾಕಿಲ್ವಾ?" ಎಂದ ದೇವರಾಜು.

"ಇವತ್ತು ರಜಾ ಕಣ್ಲಾ. ಎಲೆ ಹಾಕ್ದಾಗ ಕರಿ."