ಬಂದವರನ್ನು ಮಾತಾಡಿಸುವ ಪುಟ

ಇಂಡಿ ಪಟ್ಟಣದ ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದ ಹೆಣ್ಣುಮಗಳನ್ನು ನಾವೆಲ್ಲರೂ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆವು. ಏನು ತೋರಿಸುವುದಿದ್ದರೂ ಮೊದಲು ಸೆರಗಿನ ತುದಿಯಿಂದ ಪರದೆ ಒರೆಸುವರು.

ನಮ್ಮ ಚಿಗವ್ವನ ಲಿಂಬೆ ಉಪ್ಪಿನಕಾಯಿಗೊಂದು ವೆಬ್‌ಸೈಟ್ ಮಾಡಿಸಿದ್ದೆವು. ಚಿತ್ರಗಳೇನೋ ಚೆಂದವಿದ್ದವು, ಕೇಳುವವರಿರಲಿಲ್ಲ. ಭರಣಿಗಳು ತುಂಬಿದಂತೆಯೇ ಉಳಿದಿದ್ದವು.

"ಇದ ಕಡೀದು ನೋಡಪಾ, ಮುಂದಿನ ವರ್ಷ ಹಾಕೂದಿಲ್ಲ" ಎಂದುಬಿಟ್ಟಿದ್ದಳು ಚಿಗವ್ವ.

ಆಪಾ ಪುಟ ನೋಡಿದರು. "ಮನಿ ಐತಿ, ಬರ್ರಿ ಅನ್ನವ್ರ ಇಲ್ಲ. ಬಂದವ್ರನ್ನ ಮಾತಾಡಿಸ್ಬೇಕ್ರಿ." ಅದು ಅವರು ದಿನವೂ ಆಡುವ ಮಾತು. ಆನ್‌ಲೈನಿನಲ್ಲಿ ಪುಕ್ಕಟೆ ಸಿಗುವ ಸಲಕರಣೆಗಳಿಂದಲೇ, ಹುಡುಕಿದವರಿಗೆ ಕಾಣುವಂತೆ ನಕಾಶೆಯಲ್ಲಿ ನಮ್ಮ ಮನೆ ಗುರುತಿಸಿದರು. ಪುಟದಲ್ಲೊಂದು ಚಾಟ್ ಪೆಟ್ಟಿಗೆ ಇಟ್ಟು, ಅದರಲ್ಲಿ ಚಿಗವ್ವನ ದನಿಯನ್ನೇ ತುಂಬಿದರು: "ಬರ್ರಿ, ಯಾವೂರವ್ರು ನೀವು?"

ಎಷ್ಟೋ ದಿನ ಉತ್ತರವಿಲ್ಲ. ಒಂದು ಮಧ್ಯಾಹ್ನ ಆಪಾ ಮನೆಗೇ ಬಂದು, ಫೋನಿನ ಪರದೆ ಒರೆಸಿ, ಚಿಗವ್ವನ ಮುಂದೆ ಹಿಡಿದರು. ಯಾರೋ ಹೆಂಗಸಿನ ದನಿ: "ಮೈಸೂರಿನವಳು ಕಣಮ್ಮ. ನಿಮ್ಮ ಉಪ್ಪಿನಕಾಯಿ ನಮಗೂ ಕಳಿಸ್ತೀರಾ?"

ಚಿಗವ್ವ ತಟ್ಟನೆ ಎದ್ದು ತಲೆಯ ಮೇಲೆ ಸೆರಗು ಹೊದ್ದಳು. "ಯವ್ವಾ, ಅಷ್ಟ್ ದೂರದಿಂದ ಬಂದೀರಿ, ಮೊದ್ಲ ನೀರ್ ಕುಡೀರಿ" ಎಂದಳು.

ನನಗೆ ನಗು ಬಂತು. ಆಪಾ ನಗಲಿಲ್ಲ. ತುಂಬಿದ ತಂಬಿಗೆ ಹಿಡಿದವರಂತೆ ಆ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದರು.