ಹೆಸರುಬಲ ಕೂಡಿಬರಲಿಲ್ಲ

ನಮ್ಮ ಕಡೆ ನೋಡಿ ಬಂದ ಹೆಣ್ಣನ್ನು ಬೇಡವೆನ್ನಲು ಒಂದು ಮರ್ಯಾದೆಯ ಮಾತಿದೆ: ಹೆಸರುಬಲ ಕೂಡಿಬರಲಿಲ್ಲ. ಹುಡುಗ ಹುಡುಗಿಯ ಹೆಸರಿನ ಮೊದಲ ಅಕ್ಷರ ಹಿಡಿದು ಅಯ್ಯನವರು ಪಂಚಾಂಗ ತಿರುವಿ ಹೇಳುವ ಲೆಕ್ಕ ಅದು. ಹುಡುಗಿ ಕಪ್ಪೆನಿಸಿದರೂ ಅದೇ ಮಾತು, ಅವರ ಮನೆ ಚಿಕ್ಕದೆನಿಸಿದರೂ ಅದೇ ಮಾತು. ಕೇಳಿಸಿಕೊಂಡವರು ಮರುಪ್ರಶ್ನೆ ಹಾಕುವುದಿಲ್ಲ, ಹೇಳಿದವರು ಕಾರಣ ಕೊಡಬೇಕಿಲ್ಲ. ನಾನಂತೂ ಇದನ್ನೆಲ್ಲ ನಂಬುವವಳಲ್ಲ. ದಾವಣಗೆರೆಯ ವಿನೋಬನಗರದಲ್ಲಿ ಇಪ್ಪತ್ತೆರಡು ವರ್ಷದಿಂದ ರಕ್ತಪರೀಕ್ಷೆಯ ಲ್ಯಾಬ್ ನಡೆಸುತ್ತಿದ್ದೇನೆ. ಪಂಚಾಂಗ ನೋಡುವವರನ್ನು ಆಡಿಕೊಳ್ಳುವುದರಲ್ಲಿ ನನ್ನದು ಎತ್ತಿದ ಕೈ. ಹಾಗಿದ್ದೂ ನನ್ನ ಬದುಕಿನ ದೊಡ್ಡ ಸುಳ್ಳನ್ನು ಅದೇ ಪಂಚಾಂಗದ ಹಿಂದೆ ಬಚ್ಚಿಟ್ಟೆ.

ನನ್ನ ಅಕ್ಕನ ಮಗಳಿಗೆ ಥಲಸ್ಸೇಮಿಯಾ ಇತ್ತು. ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ, ಹುಟ್ಟಿನಿಂದಲೇ ಬರುವ ಕಾಯಿಲೆ. ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಬೇಕು. ಒಂಬತ್ತು ವರ್ಷ ಏರಿಸಿದೆವು. ಆ ಸಣ್ಣ ಕೈಯಲ್ಲಿ ನರ ಸಿಗದಾದಾಗ ಆಸ್ಪತ್ರೆಯವರು ನನ್ನನ್ನೇ ಕರೆಸುತ್ತಿದ್ದರು. "ಚಿಕ್ಕಮ್ಮ, ಒಂದು ಎರಡು ಅಂತ ಎಣಿಸಬ್ಯಾಡ, ಸುಮ್ನೆ ಚುಚ್ಚಿಬಿಡು" ಎನ್ನುತ್ತಿತ್ತು ಕೂಸು. ಅದು ತೀರಿಕೊಂಡ ಮೇಲೆ ಮನೆಯವರೆಲ್ಲರ ರಕ್ತ ಪರೀಕ್ಷೆ ಮಾಡಿಸಿದೆ. ನನಗೆ ಇರಲಿಲ್ಲ, ತಮ್ಮನಿಗೆ ಇತ್ತು. ಇತ್ತು ಎಂದರೆ ಅವನಿಗೆ ರೋಗವಲ್ಲ. ಆ ಗುಣ ರಕ್ತದಲ್ಲಿದೆ, ಅಷ್ಟೆ. ಅಂಥದೇ ಗುಣವಿರುವ ಹುಡುಗಿಯನ್ನು ಮದುವೆಯಾದರೆ ಮಾತ್ರ ಕಷ್ಟ. ಆಗ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಈ ಕಾಯಿಲೆಯ ಭಯ. ಇನ್ನೊಂದು ಕೂಸಿನ ಕೈಯಲ್ಲಿ ನರ ಹುಡುಕುವುದು ನನ್ನಿಂದಾಗದು ಎಂದು ಆವತ್ತೇ ಅಂದುಕೊಂಡಿದ್ದೆ.

ತಮ್ಮನಿಗೆ ಹೆಣ್ಣು ನೋಡಲು ಹರಿಹರಕ್ಕೆ ಹೋದದ್ದು ಆರು ವರ್ಷದ ಹಿಂದೆ. ಹುಡುಗಿಯ ತಂದೆ ಗುತ್ತೂರಿನ ಹತ್ತಿರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂತು. ತಮ್ಮ ಖಾರ ಕಚ್ಚಿ ಕಣ್ಣೀರು ಸುರಿಸುತ್ತಿದ್ದರೆ ಹುಡುಗಿ ನಗು ತಡೆಯಲಾರದೆ ಒಳಗೆ ಓಡಿ, ನೀರಿನ ಲೋಟ ಹಿಡಿದು ವಾಪಸು ಬಂದಳು. ಆ ಕ್ಷಣಕ್ಕೇ ಅವನು ಅವಳಿಗೆ ಮನಸೋತಿದ್ದ. ನನಗೂ ಅವಳು ತುಂಬ ಹಿಡಿಸಿದಳು. ಹೊರಡುವಾಗ ನಾನೇ ಮಾತು ತೆಗೆದೆ: "ಈಗಿನ ಕಾಲದಾಗೆ ಬ್ಲಡ್ ಗ್ರೂಪ್ ಒಂದು ನೋಡಿಬಿಡೋದು ಒಳ್ಳೇದು. ನಮ್ದೇ ಲ್ಯಾಬ್ ಐತಲ್ಲ, ಕರ್ಕಂಡು ಬರ್ರಿ."

ಸೋಮವಾರ ತಂದೆ ಮಗಳು ಬಸ್ಸಿನಲ್ಲಿ ಬಂದರು. ಗ್ರೂಪ್ ನೋಡಲು ಬೆರಳ ತುದಿಯ ಹನಿ ಸಾಕು. ನಾನು ತೋಳಿಗೆ ಪಟ್ಟಿ ಕಟ್ಟಿ ಟ್ಯೂಬು ತುಂಬ ಎಳೆದುಕೊಂಡೆ.

"ಇಷ್ಟೊಂದು ಬೇಕೇನ್ರಿ ಅಕ್ಕಾರೆ?" ಎಂದಳು ಹುಡುಗಿ.

"ಸರಿಯಾಗಿ ನೋಡಬೇಕಲ್ಲವ್ವ" ಎಂದೆ. ಅವಳು ನಂಬಿದಳು. ನಂಬದಿರಲು ಅವಳಿಗೆ ಯಾವ ಕಾರಣವೂ ಇರಲಿಲ್ಲ.

ಬೆಂಗಳೂರಿನ ದೊಡ್ಡ ಲ್ಯಾಬಿನಿಂದ ರಿಪೋರ್ಟ್ ಬರಲು ನಾಲ್ಕು ದಿನ ಹಿಡಿಯಿತು. ಅವಳ ರಕ್ತದಲ್ಲೂ ಅದೇ ಗುಣವಿತ್ತು. ತಮ್ಮನಿಗೆ ತೋರಿಸಿದೆ. ಅವನು ಕಾಗದ ಓದಿ ಮಡಿಚಿಟ್ಟು, "ಹಂಗಾರೆ ಅವರಿಗೆ ಹೇಳು. ಅವರೂ ತಿಳ್ಕಳ್ಳಿ, ಆಮೇಲೆ ಏನು ಮಾಡೋದಂತ ಕೂತು ಮಾತಾಡಿದ್ರಾತು" ಎಂದ. ನಾನು ರೇಗಿದೆ. "ಏನಂತ ಹೇಳ್ಲಿ? ಕೇಳದೆ ನಮ್ಮ ಹುಡುಗಿ ರಕ್ತ ಯಾಕ ನೋಡಿದ್ರಿ ಅಂದ್ರೆ? ನಿಂದೂ ಹಂಗೇ ಐತೆ ಅಂತ ಊರೆಲ್ಲ ಗೊತ್ತಾದ್ರೆ ನಿನಗ ಹೆಣ್ಣು ಕೊಡೋರು ಯಾರು?" ಅವನು ಎದ್ದು ಹೋದ. ಅಮ್ಮನಿಂದ ಹರಿಹರಕ್ಕೆ ಫೋನ್ ಮಾಡಿಸಿದೆ. ಹೆಸರುಬಲ ಕೂಡಿಬರಲಿಲ್ಲ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ವಾರ ಕಳೆದ ಮೇಲೆ ಹುಡುಗಿಯ ತಂದೆ ಒಬ್ಬರೇ ಲ್ಯಾಬಿಗೆ ಬಂದರು. ಕೂಡ್ರಿ ಎಂದರೂ ಕೂರಲಿಲ್ಲ.

"ನೋಡ್ರಮ್ಮ, ಹುಡುಗಿ ಹೆಸರು ಬದ್ಲಿ ಮಾಡ್ತೀವಿ. ನಿಮ್ಮ ಅಯ್ಯನೋರು ಯಾವ ಅಕ್ಷರ ಹೇಳ್ತಾರೋ ಅದನ್ನೇ ಇಡ್ತೀವಿ. ನಮ್ಮ ಹುಡುಗಿಗೂ ನಿಮ್ಮ ಮನಿ ಮ್ಯಾಲೆ ಮನಸೈತೆ."

ಹೀಗೆ ಹೆಸರು ಬದಲಿಸಿ ಮದುವೆ ಮಾಡುವುದು ನಮ್ಮಲ್ಲಿ ಹೊಸದೇನಲ್ಲ. ಇದು ನನಗೆ ಹೊಳೆದೇ ಇರಲಿಲ್ಲ ನೋಡಿ. ಅವರ ಮಗಳ ರಿಪೋರ್ಟ್ ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಎಳೆದು ಕೈಗೆ ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು, ಬೈಸಿಕೊಳ್ಳುತ್ತಿದ್ದೆ, ಅಷ್ಟೇ. "ನಮ್ಮ ಹುಡುಗನಿಗೆ ಈಗ್ಲೇ ಮದುವಿ ಬ್ಯಾಡಂತೆ" ಎಂದೆ. ಅವರು ತಲೆಯಾಡಿಸಿದರು. ನಾನು ತರಿಸಿದ್ದ ಚಹಾ ಕುಡಿಯದೆ ಹೋಗುವುದು ಮರ್ಯಾದೆಯಲ್ಲವೆಂದು ನಿಂತೇ ಕುಡಿದು ಹೋದರು.

ಮರುವರ್ಷ ತಮ್ಮನಿಗೆ ಬೇರೆ ಕಡೆ ಹೆಣ್ಣು ಗೊತ್ತಾಯಿತು. ಈ ಸಲ ಅವನು ಕೆಲಸವನ್ನು ನನ್ನ ಕೈಗೆ ಬಿಡಲಿಲ್ಲ. ಹುಡುಗಿಗೆ ತಾನೇ ಎಲ್ಲ ಹೇಳಿದ. "ಅದಕ್ಕೇನ್ರಿ, ನೋಡಿಸಿದ್ರಾತು" ಎಂದಳಂತೆ ಅವಳು. ಕೇಳುವುದು ಅಷ್ಟು ಸುಲಭವಿತ್ತು. ಅವಳಿಗೆ ಆ ಗುಣವಿರಲಿಲ್ಲ, ಈಗ ಇಬ್ಬರು ಮಕ್ಕಳು ಚೆನ್ನಾಗಿದ್ದಾರೆ. ಅವರನ್ನು ಎತ್ತಿಕೊಂಡಾಗಲೆಲ್ಲ ನಾನು ಮಾಡಿದ್ದೇ ಸರಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಹರಿಹರದ ಹುಡುಗಿ ಏನಾದಳೆಂದು ವಿಚಾರಿಸಲಿಲ್ಲ. ವಿಚಾರಿಸಲು ಭಯವಿತ್ತು.

ಹೋದ ಶ್ರಾವಣದಲ್ಲಿ ಅವಳು ಲ್ಯಾಬಿಗೆ ಬಂದಳು. ಡಾಕ್ಟರ ಚೀಟಿಯಲ್ಲಿದ್ದ ಹೆಸರು ಬೇರೆಯಾಗಿದ್ದರಿಂದ ತಲೆಯೆತ್ತಿ ನೋಡುವವರೆಗೆ ನನಗೆ ಗೊತ್ತಾಗಲಿಲ್ಲ. ಕುಕ್ಕುವಾಡದಲ್ಲಿರುವ ಸೋದರಮಾವನ ಮಗನಿಗೇ ಅವಳನ್ನು ಕೊಟ್ಟಿದ್ದರು. ಹೆಸರನ್ನು ಅಲ್ಲಿ ಬದಲಿಸಿದ್ದರು. ಒಂದೇ ಬಳ್ಳಿಯ ರಕ್ತ. ಅವನಿಗೂ ಆ ಗುಣವಿತ್ತು. ಸೊಂಟದ ಮೇಲೆ ಮೂರು ವರ್ಷದ ಹೆಣ್ಣುಮಗು. ಅದರ ಬಿಳಿಚಿದ ಮುಖ ನೋಡಿದ್ದೇ ನನಗೆ ಚೀಟಿ ಓದುವ ಅಗತ್ಯ ಉಳಿಯಲಿಲ್ಲ.

"ಗೊತ್ತಿರೋರ ಲ್ಯಾಬು ಅಂತ ಇಲ್ಲಿಗೇ ಬಂದೆ ಅಕ್ಕಾರೆ" ಎಂದು ಕುರ್ಚಿಯಲ್ಲಿ ಕೂತಳು. ಮತ್ತೆ ಎರಡು ತಿಂಗಳ ಬಸುರಿ. ಹೊಟ್ಟೆಯಲ್ಲಿರುವ ಮಗುವಿಗೂ ಈ ಕಾಯಿಲೆ ಇದೆಯೇ ಎಂದು ನೋಡಬೇಕು, ಅದಕ್ಕೆ ಮೊದಲು ತಂದೆತಾಯಿಯ ರಕ್ತ ಬೆಂಗಳೂರಿಗೆ ಹೋಗಬೇಕು. ಇದ್ದರೆ ಏನು ಮಾಡುವುದೆಂದು ಗಂಡ ಹೆಂಡತಿ ಇನ್ನೂ ತೀರ್ಮಾನಿಸಿರಲಿಲ್ಲ. "ಈ ಕೂಸಿನ ಮಕ ನೋಡ್ಕಂಡು ಅದನ್ನ ಬ್ಯಾಡ ಅಂತ ಹೆಂಗೆ ಅನ್ಲಿ?" ಎಂದಳು. ಮಗುವಿನ ಕೂದಲು ಸರಿಮಾಡುತ್ತ, "ಮದುವಿಗೆ ಮುಂಚೆ ಒಂದು ರಕ್ತಪರೀಕ್ಷೆ ಮಾಡಿಸಿದ್ರೆ ಗೊತ್ತಾಗ್ತಿತ್ತಂತೆ. ನಮಗ್ಯಾರು ಹೇಳೋರಿದ್ರು?" ಎಂದಳು.

ಅವಳ ತೋಳಿಗೆ ಪಟ್ಟಿ ಕಟ್ಟಿದ್ದೆ. ನರ ಎದ್ದಿತ್ತು. ಸೂಜಿ ಕೆಳಗಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ: ಟ್ಯೂಬು ತುಂಬ ತೆಗೆದ ರಕ್ತ, ನಾಲ್ಕನೆಯ ದಿನದ ರಿಪೋರ್ಟು, ಅವಳ ತಂದೆ ಬಂದು ನಿಂತಾಗ ಅದು ಡ್ರಾಯರಿನಲ್ಲೇ ಇದ್ದದ್ದು. ತಪ್ಪಾಯಿತು ಎಂದೆ. ಅಷ್ಟು ಸಣ್ಣ ಮಾತು ನನ್ನ ಬಾಯಲ್ಲಿ ನನಗೇ ನಾಚಿಕೆ ತಂದಿತು.

"ನನ್ನ ಹೆಸರಿನಾಗೇ ಏನೋ ಕೆಟ್ಟದೈತೆ ಅಂತ ಅಂದ್ಕಂಡಿದ್ದೆ" ಎಂದಳು. ತೋಳಿನ ಪಟ್ಟಿಯನ್ನು ತಾನೇ ಬಿಚ್ಚಿ ಮೇಜಿನ ಮೇಲಿಟ್ಟಳು. ಮಗುವನ್ನು ಮಡಿಲಿಗೆ ಎಳೆದುಕೊಂಡಳು. "ಬ್ಯಾರೆ ಯಾರಾದ್ರೂ ಇದ್ರೆ ಕಳಸ್ರಿ. ನೀವು ಬ್ಯಾಡ."

ನನ್ನ ಜೊತೆ ಕೆಲಸ ಮಾಡುವಾಕೆಯನ್ನು ಒಳಗೆ ಕಳಿಸಿ ನಾನು ಬಾಗಿಲ ಹೊರಗೆ ನಿಂತೆ. ಎಷ್ಟು ರಕ್ತ ತೆಗೀತೀರಿ, ಏನೇನು ನೋಡ್ತೀರಿ, ರಿಪೋರ್ಟು ಯಾರ ಕೈಗೆ ಕೊಡ್ತೀರಿ ಎಂದು ಅವಳು ಒಂದೊಂದಾಗಿ ಕೇಳುತ್ತಿದ್ದಳು. ಎಲ್ಲಕ್ಕೂ ಉತ್ತರ ಸಿಕ್ಕಿದ ಮೇಲೆ, ಅದನ್ನೆಲ್ಲ ಚೀಟಿಯ ಮೇಲೆ ಬರೆಸಿಕೊಂಡು, ಆಮೇಲೆ ತೋಳು ಚಾಚಿದಳು.